ಏನೂ ಇಲ್ಲದ್ದರಿಂದ ಬ್ರಹ್ಮಾಂಡ ಹುಟ್ಟಿತೇ? ಅಜ್ಜ-ಮೊಮ್ಮಗಳ ವಾದಕ್ಕೆ ಒಂದು ಉತ್ತರ

ಪ್ರಶ್ನೆ: ನನ್ನ ಮಗಳು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. 'ಬ್ರಹ್ಮಾಂಡ ಶೂನ್ಯದಿಂದ ತಾನಾಗಿಯೇ ಹುಟ್ಟಿತು, ಕ್ವಾಂಟಮ್ ಸಿದ್ಧಾಂತ ಇದನ್ನು ಸಾಬೀತು ಮಾಡಿದೆ' ಎಂದು ಯಾವುದೋ ವಿಡಿಯೊದಲ್ಲಿ ಕೇಳಿ ಬಂದು ಮನೆಯಲ್ಲಿ ಹೇಳಿದಳು. ನಮ್ಮ ಮಾವನವರು ನಿವೃತ್ತ ಮೇಷ್ಟ್ರು. 'ಇಲ್ಲದ್ದರಿಂದ ಇರುವುದು ಬರುವುದಿಲ್ಲ. ಶಕ್ತಿಯನ್ನು ಸೃಷ್ಟಿಸಲು ಆಗುವುದಿಲ್ಲ ಎಂದು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ' ಎನ್ನುತ್ತಾರೆ. ಎರಡು ವಾರದಿಂದ ಊಟದ ಹೊತ್ತಿಗೆ ಇದೇ ವಾದ. ಇಬ್ಬರಲ್ಲಿ ಯಾರು ಸರಿ? ಬ್ರಹ್ಮಾಂಡ ಹುಟ್ಟುವ ಮೊದಲು ಏನಿತ್ತು?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಮಗಳು ಹೇಳಿದ್ದರಲ್ಲಿ 'ಸಾಬೀತು ಮಾಡಿದೆ' ಎನ್ನುವುದು ತಪ್ಪು. ನಿಮ್ಮ ಮಾವನವರ ಶಕ್ತಿಯ ವಾದಕ್ಕೆ ಭೌತಶಾಸ್ತ್ರದಲ್ಲಿ ಉತ್ತರ ಇದೆ. ಆದರೆ ಅವರ ಮೊದಲನೇ ವಾಕ್ಯಕ್ಕೆ ಇನ್ನೂ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಕ್ವಾಂಟಮ್ ಸಿದ್ಧಾಂತ ಎಂದರೆ ಪರಮಾಣುವಿನಂಥ ಅತಿ ಚಿಕ್ಕ ವಸ್ತುಗಳ ನಿಯಮ. ಬ್ರಹ್ಮಾಂಡದ ಆರಂಭದ ಬಗ್ಗೆ ಮಾತಾಡುವಾಗ ಅದು ಎರಡು ಕಡೆ ಬರುತ್ತದೆ. ಒಂದು ಕಡೆ ಅದು ಹೇಳಿದ್ದನ್ನು ಆಕಾಶದಲ್ಲಿ ಅಳೆದು ನೋಡಿದ್ದೇವೆ, ಸರಿ ಬಂದಿದೆ. ಇನ್ನೊಂದು ಕಡೆ ಅದು ಇನ್ನೂ ಕಾಗದದ ಮೇಲಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ನಿಮ್ಮ ಮನೆಯ ಗೊಂದಲ ಹುಟ್ಟಿರುವುದು.

ಈ ಕಥೆ ಶುರುವಾಗುವುದು ಒಬ್ಬ ಪಾದ್ರಿಯಿಂದ. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿಯೂ ಹೌದು, ಲುವೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಹೌದು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದವರು. ಐನ್‌ಸ್ಟೈನ್ ಅವರ ಸಮೀಕರಣಗಳಿಂದ ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದರು. ಗ್ಯಾಲಕ್ಸಿಗಳು ದೂರ ಸರಿಯುತ್ತಿರುವುದರ ಬಗ್ಗೆ ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ಅವರ ಪ್ರಸಿದ್ಧ ಪ್ರಬಂಧ ಬಂದದ್ದು ಅದಾದ ಎರಡು ವರ್ಷಕ್ಕೆ.

1931ರ ಆರಂಭದಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಒಂದು ಭಾಷಣ ಮಾಡಿದರು. ಲೆಮೈತ್ರ್ ಕೇಂಬ್ರಿಡ್ಜ್‌ನಲ್ಲಿ ಅವರ ಕೈಕೆಳಗೇ ಕಲಿತವರು. ಪ್ರಕೃತಿಗೆ ಒಂದು ಆರಂಭ ಇತ್ತು ಎನ್ನುವ ಕಲ್ಪನೆಯೇ ತಮಗೆ ಹಿಡಿಸುವುದಿಲ್ಲ ಎಂದು ಎಡಿಂಗ್ಟನ್ ಹೇಳಿದರು. ಅದಕ್ಕೆ ಶಿಷ್ಯ ಉತ್ತರವಾಗಿ ಒಂದು ಪತ್ರ ಬರೆದರು. ಅದು ಮೇ 9ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಒಂದು ಪುಟವೂ ಇಲ್ಲ, ಸಮೀಕರಣವೂ ಇಲ್ಲ. ಬ್ರಹ್ಮಾಂಡದ ಹುಟ್ಟಿಗೆ ಕ್ವಾಂಟಮ್ ಸಿದ್ಧಾಂತವನ್ನು ತಂದದ್ದರಲ್ಲಿ ಅದೇ ಮೊದಲನೆಯದು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಅವರ ವಾದ ಸರಳ. ಶಕ್ತಿ ಇರುವುದು ಕಂತು ಕಂತಾಗಿ, ಅಂದರೆ ಕ್ವಾಂಟಾಗಳಾಗಿ. ಒಟ್ಟು ಶಕ್ತಿ ಬದಲಾಗುವುದಿಲ್ಲ, ಆದರೆ ಕಾಲ ಕಳೆದಂತೆ ಅದು ಜಾಸ್ತಿ ಜಾಸ್ತಿ ಕ್ವಾಂಟಾಗಳಾಗಿ ಒಡೆಯುತ್ತಾ ಹೋಗುತ್ತದೆ. ನೂರು ರೂಪಾಯಿಯ ನೋಟು ಚಿಲ್ಲರೆಯಾಗುತ್ತಾ ಹೋದ ಹಾಗೆ. ಹಾಗಾದರೆ ಹಿಂದಕ್ಕೆ ಹೋದಷ್ಟೂ ಚಿಲ್ಲರೆ ಕಡಿಮೆ, ನೋಟು ದೊಡ್ಡದು. ತೀರಾ ಹಿಂದೆ ಹೋದರೆ ಇಡೀ ಬ್ರಹ್ಮಾಂಡದ ಶಕ್ತಿ ಒಂದೇ ಒಂದು ಕ್ವಾಂಟಂನಲ್ಲಿ ಇದ್ದಿರಬೇಕು.

ಇದಾದ ಮೇಲೆ ಬರುವ ಮಾತೇ ನನ್ನನ್ನು ಇಷ್ಟು ವರ್ಷವೂ ಬಿಟ್ಟಿಲ್ಲ. ಸ್ಥಳ ಮತ್ತು ಕಾಲ ಎನ್ನುವುದು ತುಂಬಾ ಕ್ವಾಂಟಾಗಳು ಸೇರಿದಾಗ ಮಾತ್ರ ಅರ್ಥ ಪಡೆಯುವ ಸಂಗತಿಗಳು ಎಂದರು ಲೆಮೈತ್ರ್. ಜಾತ್ರೆಯನ್ನು ನೆನಪು ಮಾಡಿಕೊಳ್ಳಿ. ಸಾವಿರ ಜನ ಸೇರಿದರೆ ಜಾತ್ರೆ. ಒಬ್ಬರೇ ನಿಂತಿದ್ದರೆ ಅದು ಜಾತ್ರೆ ಅಲ್ಲ. ಆ ಒಬ್ಬರನ್ನು ಹಿಡಿದು 'ಜಾತ್ರೆಯ ಗದ್ದಲ ಎಷ್ಟಿದೆ' ಎಂದು ಕೇಳಿದರೆ ಆ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಹಾಗೆಯೇ ಒಂದೇ ಕ್ವಾಂಟಂ ಇದ್ದಾಗ 'ಎಲ್ಲಿ', 'ಯಾವಾಗ' ಎಂಬ ಮಾತಿಗೆ ಅರ್ಥ ಇಲ್ಲ. ಅದು ಒಡೆದು ಸಾಕಷ್ಟು ಚೂರುಗಳಾದ ಮೇಲೆಯೇ ಸ್ಥಳವೂ ಕಾಲವೂ ಶುರುವಾಗುತ್ತವೆ.

ನೀವು ಕೇಳಿದ 'ಮೊದಲು ಏನಿತ್ತು' ಎನ್ನುವುದು ಸಿಕ್ಕಿಕೊಳ್ಳುವುದು ಇಲ್ಲೇ. 'ಮೊದಲು' ಎನ್ನುವುದು ಕಾಲದ ಮಾತು. ಕಾಲವೇ ಜಾತ್ರೆಯ ಹಾಗೆ ನೆರೆದದ್ದಾದರೆ, ನೆರೆಯುವುದಕ್ಕೆ ಮುಂಚಿನದನ್ನು ಕಾಲದ ಮಾತಿನಲ್ಲಿ ಕೇಳಲು ಬರುವುದಿಲ್ಲ. ಇದು ನುಣುಚಿಕೊಳ್ಳುವ ಉತ್ತರ ಎಂದು ಮಾವನವರಿಗೆ ಅನ್ನಿಸಬಹುದು. ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಆದರೆ ಒಂದೇ ಒಂದು ಅಣುವಿಗೆ ಬಿಸಿ ಎಷ್ಟು ಎಂದು ಕೇಳಲು ಆಗುವುದಿಲ್ಲ ಎಂದು ಅವರೇ ಪಾಠ ಮಾಡಿರುತ್ತಾರೆ. ಬಿಸಿ ಎನ್ನುವುದು ಕೋಟ್ಯಂತರ ಅಣುಗಳ ಓಡಾಟದ ಸರಾಸರಿ. ಕಾಲವೂ ಅಂಥದ್ದೇ ಇರಬಹುದು ಎನ್ನುವುದು ಲೆಮೈತ್ರ್ ಅವರ ಊಹೆ.

ಆ ಪತ್ರದಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಆ ಮೊದಲ ಕ್ವಾಂಟಂ ಒಳಗೆ ಮುಂದೆ ಆಗುವುದೆಲ್ಲ ಗ್ರಾಮಫೋನ್ ತಟ್ಟೆಯಲ್ಲಿ ಹಾಡು ಇರುವ ಹಾಗೆ ಮೊದಲೇ ಬರೆದಿರಬೇಕಾಗಿಲ್ಲ ಎನ್ನುತ್ತಾರೆ. ಕ್ವಾಂಟಮ್ ಸಿದ್ಧಾಂತದ ಅನಿಶ್ಚಿತತೆಯೇ ಅದಕ್ಕೆ ಕಾರಣ. ಒಂದೇ ಆರಂಭದಿಂದ ಬೇರೆ ಬೇರೆ ಕಥೆಗಳು ಬರಬಹುದಿತ್ತು.

ಲೆಮೈತ್ರ್ ಎಲ್ಲದರಲ್ಲೂ ಸರಿ ಇರಲಿಲ್ಲ. ಆ ಕ್ವಾಂಟಂ ಅನ್ನು ಅವರು ಒಂದು ಭಾರಿ ವಿಕಿರಣಶೀಲ ಪರಮಾಣುವಿನ ಹಾಗೆ ಊಹಿಸಿಕೊಂಡಿದ್ದರು. ಅದು ಒಡೆದಾಗ ಹಾರಿದ ಚೂರುಗಳೇ ಇಂದಿನ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಂದು ಬಡಿಯುವ ಕಣಗಳು, ಎಂದು ನಂಬಿದ್ದರು. ಅದು ತಪ್ಪು. ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚಿನವು ನಮ್ಮ ಗ್ಯಾಲಕ್ಸಿಯ ಒಳಗಿಂದಲೇ ಬರುತ್ತವೆ. ಆರಂಭದ ನಿಜವಾದ ಕುರುಹು ಬೇರೆಯೇ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಐನ್‌ಸ್ಟೈನ್ ಸಿದ್ಧಾಂತ ಇರುವಾಗ ಕ್ವಾಂಟಮ್ ಯಾಕೆ ಬೇಕು? ಅದಕ್ಕೆ ಉತ್ತರ ಕೊಡುವುದರಲ್ಲಿ ನಮ್ಮ ದೇಶದವರೊಬ್ಬರ ಪಾಲು ದೊಡ್ಡದು. ಕೋಲ್ಕತ್ತಾದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಗುರುತ್ವ ಎಳೆಯುತ್ತಲೇ ಇದ್ದರೆ ವಸ್ತುವಿನ ದಾರಿಗಳು ಒಂದರ ಕಡೆ ಒಂದು ಬಾಗಿ ಕೊನೆಗೆ ಒಂದೆಡೆ ಸೇರಲೇಬೇಕು ಎನ್ನುವುದು ಅದರ ತಿರುಳು. ಇದರ ಮೇಲೆಯೇ ಪೆನ್‌ರೋಸ್ ಮತ್ತು ಹಾಕಿಂಗ್ 1965ರಿಂದ 1970ರ ಒಳಗೆ ತಮ್ಮ ಪ್ರಮೇಯಗಳನ್ನು ಕಟ್ಟಿದರು. ಐನ್‌ಸ್ಟೈನ್ ಸಮೀಕರಣವನ್ನು ಮಾತ್ರ ನಂಬಿ ಹಿಂದಕ್ಕೆ ಹೋದರೆ ಒಂದು ಕಡೆ ಲೆಕ್ಕವೇ ಕಡಿದುಹೋಗುತ್ತದೆ ಎಂದು ಅವು ತೋರಿಸುತ್ತವೆ. ಸಾಂದ್ರತೆ ಅನಂತ ಎಂದು ಉತ್ತರ ಬರುತ್ತದೆ. ಅಲ್ಲಿ ಸಿದ್ಧಾಂತವೇ 'ಇನ್ನು ಮುಂದೆ ನನ್ನ ಕೈಲಾಗದು' ಎನ್ನುತ್ತಿದೆ ಎಂದು ಅರ್ಥ.

ಆ ಗಡಿ ಎಲ್ಲಿದೆ ಎಂದು ಅಂದಾಜು ಮಾಡಬಹುದು. ಸೆಕೆಂಡಿನಲ್ಲಿ ದಶಮಾಂಶ ಬಿಂದು ಹಾಕಿ, 43 ಸೊನ್ನೆ ಬರೆದು, ಆಮೇಲೆ 5 ಬರೆಯಿರಿ. ಅದಕ್ಕೆ ಪ್ಲಾಂಕ್ ಕಾಲ ಎನ್ನುತ್ತಾರೆ. ಆರಂಭಕ್ಕೆ ಅಷ್ಟು ಹತ್ತಿರ ಹೋದರೆ ಗುರುತ್ವವನ್ನೂ ಕ್ವಾಂಟಮ್ ನಿಯಮದಿಂದಲೇ ನೋಡಬೇಕು. ಅದಕ್ಕೆ ಬೇಕಾದ ಪೂರ್ಣ ಸಿದ್ಧಾಂತ ನಮ್ಮ ಹತ್ತಿರ ಇಲ್ಲ. ಇಲ್ಲಿಂದ ಆಚೆ ಇರುವುದೆಲ್ಲ ಪ್ರಸ್ತಾಪ.

ಈಗ ಮಾವನವರ ಶಕ್ತಿಯ ವಾದಕ್ಕೆ ಬರೋಣ. 1973ರಲ್ಲಿ ಎಡ್ವರ್ಡ್ ಟ್ರೈಯನ್ ಎಂಬ ಅಮೆರಿಕದ ಭೌತವಿಜ್ಞಾನಿ 'ನೇಚರ್'ನಲ್ಲಿ ಒಂದು ಚಿಕ್ಕ ಲೇಖನ ಬರೆದರು. ಬ್ರಹ್ಮಾಂಡವೇ ಒಂದು ಕ್ವಾಂಟಮ್ ಏರಿಳಿತ, ಅಂದರೆ ಖಾಲಿ ಜಾಗದಲ್ಲೂ ತಾನಾಗಿ ಏಳುವ ನಡುಕ, ಇರಬಹುದೇ ಎಂಬುದು ಅವರ ಪ್ರಶ್ನೆ. ಶಕ್ತಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ, ಒಟ್ಟು ಶಕ್ತಿ ಸೊನ್ನೆಯೇ ಆಗಿದ್ದರೆ? ಎಂದರು.

ಸೊನ್ನೆ ಹೇಗೆ ಆಗುತ್ತದೆ? ಬಾವಿಯ ತಳದಲ್ಲಿ ಒಂದು ಕೊಡ ಇದೆ. ಮೇಲೆತ್ತಲು ನೀವು ಶಕ್ತಿ ಹಾಕಬೇಕು. ಹಾಗೇ ಎತ್ತುತ್ತಾ ಭೂಮಿಯಿಂದ ಲೆಕ್ಕವಿಲ್ಲದಷ್ಟು ದೂರ ಒಯ್ದರೆ, ಭೂಮಿಗೂ ಕೊಡಕ್ಕೂ ಸಂಬಂಧ ಕಡಿದು ಗುರುತ್ವದ ಶಕ್ತಿ ಸೊನ್ನೆ ಆಗುತ್ತದೆ. ಶಕ್ತಿ ಕೊಟ್ಟ ಮೇಲೆ ಸೊನ್ನೆಗೆ ಬಂತು ಎಂದರೆ ಮೊದಲು ಅದು ಸೊನ್ನೆಗಿಂತ ಕೆಳಗಿತ್ತು, ಅಲ್ವಾ? ಗುರುತ್ವದ ಶಕ್ತಿ ಋಣ ಎನ್ನುವುದು ಹೀಗೆ. ವಸ್ತುವಿನ ಶಕ್ತಿ ಧನ. ಬ್ರಹ್ಮಾಂಡ ತನ್ನೊಳಗೇ ಮುಚ್ಚಿಕೊಂಡಿರುವ ಆಕಾರದ್ದಾಗಿದ್ದರೆ ಎರಡೂ ಸರಿಯಾಗಿ ವಜಾ ಆಗುತ್ತವೆ. ಸೊಸೈಟಿಯಲ್ಲಿ ಒಂದು ಲಕ್ಷ ಸಾಲ ತೆಗೆದು ಆ ಹಣವನ್ನು ಕೈಯಲ್ಲಿ ಹಿಡಿದುಕೊಂಡವರ ಹಾಗೆ. ಕೈತುಂಬ ಹಣ ಇದೆ, ಆಸ್ತಿ ಮಾತ್ರ ಸೊನ್ನೆ.

ಹಾಗಾಗಿ 'ಶಕ್ತಿಯನ್ನು ಸೃಷ್ಟಿಸಲಾಗದು' ಎಂಬ ನಿಯಮ ಇಲ್ಲಿ ಮುರಿಯಲೇಬೇಕಾಗಿಲ್ಲ. ಮಾವನವರು ಮಾಡಿದ ಪಾಠ ಸರಿಯಾಗಿಯೇ ಇದೆ. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ.

ಖಾಲಿ ಜಾಗದಲ್ಲಿ ಏರಿಳಿತ ಎನ್ನುವುದೂ ಸುಮ್ನೆ ಹೇಳಿದ ಮಾತಲ್ಲ. ಹೈಡ್ರೋಜನ್ ಪರಮಾಣುವಿನ ಶಕ್ತಿಯ ಮಟ್ಟಗಳಲ್ಲಿ ಒಂದು ಸಣ್ಣ ವ್ಯತ್ಯಾಸವನ್ನು 1947ರಲ್ಲಿ ಅಳೆದರು. ಖಾಲಿ ಜಾಗ ಪೂರ್ತಿ ಸುಮ್ಮನಿರುವುದಿಲ್ಲ ಎಂದು ಒಪ್ಪಿದರೆ ಮಾತ್ರ ಅದರ ಲೆಕ್ಕ ಸರಿಹೋಗುತ್ತದೆ.

ಆದರೆ ಟ್ರೈಯನ್ ವಾದದಲ್ಲಿ ಒಂದು ಬಿರುಕಿದೆ. ಏರಿಳಿತ ಆಗಲು ಖಾಲಿ ಜಾಗ ಬೇಕು. ಬೆಳೆ ಇಲ್ಲದ ಗದ್ದೆಯೂ ಗದ್ದೆಯೇ. ಅದಕ್ಕೆ ಉದ್ದಗಲ ಇದೆ, ಮಣ್ಣಿದೆ, ಮಳೆ ಬಂದರೆ ಹುಲ್ಲಾದರೂ ಬೆಳೆಯುತ್ತದೆ. ಭೌತಶಾಸ್ತ್ರದ 'ನಿರ್ವಾತ' ಅಂಥ ಖಾಲಿ ಗದ್ದೆ. ಅದು 'ಏನೂ ಇಲ್ಲ' ಅಲ್ಲ. ವಿಡಿಯೊದಲ್ಲಿ 'ಶೂನ್ಯ' ಎಂಬ ಪದ ಬಂದಾಗ ಯಾವ ಶೂನ್ಯ ಎಂದು ನಿಮ್ಮ ಮಗಳು ಕೇಳಿಕೊಳ್ಳಬೇಕು. ಶೂನ್ಯ, ಬಯಲು ಎನ್ನುವ ಮಾತುಗಳಿಗೆ ಕನ್ನಡದಲ್ಲಿ ಅನುಭಾವದ ಅರ್ಥವೂ ಇರುವುದರಿಂದ ನಮಗೆ ಈ ಗೊಂದಲ ಇನ್ನೂ ಜಾಸ್ತಿ.

ಈ ಬಿರುಕನ್ನು ಮುಚ್ಚಲು 1982ರಲ್ಲಿ ಭೌತವಿಜ್ಞಾನಿ ಅಲೆಕ್ಸಾಂಡರ್ ವಿಲೆಂಕಿನ್ ಗದ್ದೆಯನ್ನೇ ತೆಗೆದುಹಾಕಿದರು. ಕ್ವಾಂಟಮ್ ಲೋಕದಲ್ಲಿ ಸುರಂಗ ಪರಿಣಾಮ ಎಂಬುದಿದೆ. ಗುಡ್ಡ ಹತ್ತುವಷ್ಟು ಶಕ್ತಿ ಇಲ್ಲದ ಕಣವೂ ಕೆಲವೊಮ್ಮೆ ಗುಡ್ಡದ ಆಚೆ ಕಾಣಿಸಿಕೊಳ್ಳುತ್ತದೆ. ಪರಮಾಣುವಿನಿಂದ ಆಲ್ಫಾ ಕಣ ಹೊರಬರುವುದನ್ನು 1928ರಲ್ಲಿ ಗ್ಯಾಮೊ ಹೀಗೇ ವಿವರಿಸಿದ್ದರು. ಸೂರ್ಯ ಉರಿಯುವುದಕ್ಕೂ ಇದು ಬೇಕು. ವಿಲೆಂಕಿನ್ ಅದೇ ಲೆಕ್ಕವನ್ನು ಇಡೀ ಬ್ರಹ್ಮಾಂಡಕ್ಕೆ ಹಾಕಿದರು. ಗುಡ್ಡದ ಈಚೆ ಬ್ರಹ್ಮಾಂಡದ ಗಾತ್ರ ಸೊನ್ನೆ. ಜಾಗ ಇಲ್ಲ, ಕಾಲ ಇಲ್ಲ, ವಸ್ತು ಇಲ್ಲ. ಆಚೆ ಒಂದು ಪುಟ್ಟ ಬ್ರಹ್ಮಾಂಡ, ಹುಟ್ಟಿದ ಕೂಡಲೇ ಹಿಗ್ಗತೊಡಗುವಂಥದ್ದು.

ಮರುವರ್ಷ ಹಾರ್ಟಲ್ ಮತ್ತು ಹಾಕಿಂಗ್ ಇನ್ನೊಂದು ದಾರಿ ತೋರಿಸಿದರು. ತೀರಾ ಆರಂಭದಲ್ಲಿ ಕಾಲವೂ ಒಂದು ದಿಕ್ಕಿನ ಹಾಗೆ ಆಗಿಬಿಡುತ್ತದೆ, ಆದ್ದರಿಂದ ಬ್ರಹ್ಮಾಂಡಕ್ಕೆ ಅಂಚೇ ಇಲ್ಲ ಎಂದರು. ದಕ್ಷಿಣ ಧ್ರುವದಲ್ಲಿ ನಿಂತವರು ಇನ್ನೂ ದಕ್ಷಿಣಕ್ಕೆ ಹೋಗಲಾರರು, ಹಾಗೆಯೇ ಆರಂಭಕ್ಕಿಂತ ಹಿಂದೆ ಎನ್ನುವುದೂ ಇಲ್ಲ ಎಂಬುದು ಹಾಕಿಂಗ್ ಕೊಡುತ್ತಿದ್ದ ಉದಾಹರಣೆ. ನೋಡಿ, ಐವತ್ತು ವರ್ಷದ ಹಿಂದೆ ಪಾದ್ರಿ ಹೇಳಿದ್ದಕ್ಕೇ ಬೇರೆ ದಾರಿಯಲ್ಲಿ ಬಂದು ಮುಟ್ಟಿದರು.

ಈ ಎರಡೂ ಲೆಕ್ಕಗಳು ನಿಂತಿರುವುದು ಒಂದೇ ಸಮೀಕರಣದ ಮೇಲೆ. 1965ರಲ್ಲಿ ಜಾನ್ ವೀಲರ್ ಎರಡು ವಿಮಾನಗಳ ನಡುವೆ ಸಿಕ್ಕ ಬಿಡುವಿನಲ್ಲಿ ಬ್ರೈಸ್ ಡಿವಿಟ್ ಅವರನ್ನು ನಿಲ್ದಾಣಕ್ಕೇ ಕರೆಸಿಕೊಂಡು ಮಾತಾಡಿದ್ದರಿಂದ ಅದರ ಕಥೆ ಶುರುವಾಗುತ್ತದೆ. 1967ರಲ್ಲಿ ಅದು ಅಚ್ಚಾಯಿತು. ಇಡೀ ಬ್ರಹ್ಮಾಂಡವನ್ನು ಒಂದು ಕ್ವಾಂಟಮ್ ವಸ್ತುವಿನ ಹಾಗೆ ನೋಡುವ ಸಮೀಕರಣ ಅದು. ಅದರಲ್ಲಿ ಕಾಲವೇ ಕಾಣಿಸುವುದಿಲ್ಲ! ಎಲ್ಲಿ ಹೋಯಿತು ಕಾಲ ಎಂದು ಭೌತವಿಜ್ಞಾನಿಗಳು ಇಂದಿಗೂ ಹುಡುಕುತ್ತಿದ್ದಾರೆ.

ಇವೆಲ್ಲ ಸುಂದರ ಲೆಕ್ಕಗಳು. ಆದರೆ ಇವುಗಳಲ್ಲೇ ಒಮ್ಮತ ಇಲ್ಲ. ಯಾವ ತರಹದ ಬ್ರಹ್ಮಾಂಡ ಹುಟ್ಟುವ ಸಾಧ್ಯತೆ ಹೆಚ್ಚು ಎಂದು ಕೇಳಿದರೆ ವಿಲೆಂಕಿನ್ ಲೆಕ್ಕ ಒಂದು ಕಡೆಗೆ ಕೈ ತೋರಿಸುತ್ತದೆ, ಹಾರ್ಟಲ್-ಹಾಕಿಂಗ್ ಲೆಕ್ಕ ಅದರ ತದ್ವಿರುದ್ಧ ದಿಕ್ಕಿಗೆ. ಎರಡೂ ಕೆಲಸ ಮಾಡುವುದಿಲ್ಲ ಎಂದು 2017ರಲ್ಲಿ ನೀಲ್ ಟುರಾಕ್ ಮತ್ತು ಸಂಗಡಿಗರು ವಾದಿಸಿದರು, ಅದಕ್ಕೆ ಹಾರ್ಟಲ್ ಕಡೆಯವರು ಉತ್ತರ ಕೊಟ್ಟರು. ಅಭಯ್ ಅಷ್ಟೇಕರ್ ಮತ್ತು ಜೊತೆಗಾರರು 2006ರಲ್ಲಿ ಮಾಡಿದ ಲೆಕ್ಕದ ಪ್ರಕಾರವಂತೂ ಹುಟ್ಟು ಎನ್ನುವುದೇ ಇಲ್ಲ. ಹಿಂದೆ ಕುಗ್ಗುತ್ತಿದ್ದ ಒಂದು ಬ್ರಹ್ಮಾಂಡ ಪುಟಿದೆದ್ದು ಈಗ ಹಿಗ್ಗುತ್ತಿದೆ. ಅವರ ಪ್ರಕಾರ 'ಮೊದಲು' ಎನ್ನುವುದಕ್ಕೆ ಅರ್ಥ ಇದೆ, ಉತ್ತರವೂ ಇದೆ. ಇವರಲ್ಲಿ ಯಾರು ಸರಿ ಎಂದು ಹೇಳಬಲ್ಲ ಒಂದೇ ಒಂದು ಅಳತೆ ಇವತ್ತು ನಮ್ಮ ಹತ್ತಿರ ಇಲ್ಲ.

ಇನ್ನೂ ಒಂದು ಮಾತು. ವಿಲೆಂಕಿನ್ ಅವರ 'ಏನೂ ಇಲ್ಲ'ದಲ್ಲೂ ಒಂದು ಉಳಿದಿದೆ. ಅದು ನಿಯಮ. ಜಾಗ, ಕಾಲ, ವಸ್ತು ಯಾವುದೂ ಇಲ್ಲದಿದ್ದಾಗಲೂ ಸುರಂಗ ಪರಿಣಾಮದ ನಿಯಮ ಇತ್ತು ಎಂದು ಒಪ್ಪಿಕೊಂಡರೆ ಮಾತ್ರ ಆ ಲೆಕ್ಕ ಶುರುವಾಗುತ್ತದೆ. ಆ ನಿಯಮ ಎಲ್ಲಿತ್ತು, ಯಾಕೆ ಇತ್ತು? ವಿಲೆಂಕಿನ್ ಅವರೂ ಇದನ್ನು ಮುಚ್ಚಿಡುವುದಿಲ್ಲ. ನಿಮ್ಮ ಮಾವನವರು ಗಟ್ಟಿಯಾಗಿ ನಿಂತಿರುವ ಜಾಗ ಇದು. ಇಲ್ಲಿಂದ ಅವರನ್ನು ಅಲುಗಿಸುವ ಸಮೀಕರಣ ನನಗೆ ಕಂಡಿಲ್ಲ.

ಈಗ ಅಳೆದು ನೋಡಿದ ಭಾಗ. ನನಗೆ ಅತ್ಯಂತ ಪ್ರೀತಿಯ ಭಾಗವೂ ಹೌದು.

ಬ್ರಹ್ಮಾಂಡ ಹುಟ್ಟಿದ ಒಂದು ಕ್ಷಣದ ಚೂರಿನೊಳಗೆ ಅದು ಭಯಂಕರ ವೇಗದಲ್ಲಿ ಉಬ್ಬಿತು ಎಂಬ ಸಿದ್ಧಾಂತವನ್ನು 1980ರ ಆಸುಪಾಸಿನಲ್ಲಿ ಸ್ಟಾರೊಬಿನ್ಸ್ಕಿ, ಅಲನ್ ಗುತ್, ಲಿಂಡೆ ಮುಂತಾದವರು ಕಟ್ಟಿದರು. 1981ರಲ್ಲಿ ಮಾಸ್ಕೋದ ಇಬ್ಬರು, ಮುಖಾನೊವ್ ಮತ್ತು ಚಿಬಿಸೊವ್, ಹೀಗೆ ಉಬ್ಬುವಾಗ ಕ್ವಾಂಟಮ್ ಏರಿಳಿತಗಳು ಏನಾಗುತ್ತವೆ ಎಂದು ಲೆಕ್ಕ ಹಾಕಿದರು. ಅವೂ ಜೊತೆಗೇ ಹಿಗ್ಗಿ ದೊಡ್ಡದಾಗುತ್ತವೆ. ಒಂದು ಕಡೆ ವಸ್ತು ಕೂದಲೆಳೆಯಷ್ಟು ಜಾಸ್ತಿ, ಇನ್ನೊಂದು ಕಡೆ ಕೂದಲೆಳೆಯಷ್ಟು ಕಡಿಮೆ. ಜಾಸ್ತಿ ಇದ್ದ ಕಡೆಗೆ ಗುರುತ್ವ ಇನ್ನಷ್ಟು ವಸ್ತುವನ್ನು ಎಳೆಯಿತು. ಕೋಟ್ಯಂತರ ವರ್ಷ ಕಳೆದು ರಾಗಿ ಗಂಜಿಯಲ್ಲಿ ಗಂಟು ಕಟ್ಟಿದ ಹಾಗೆ ಅಲ್ಲೆಲ್ಲ ಗ್ಯಾಲಕ್ಸಿಗಳು ಗಂಟು ಕಟ್ಟಿದವು.

ಇದನ್ನು ನೋಡುವುದು ಹೇಗೆ? ಬ್ರಹ್ಮಾಂಡಕ್ಕೆ ಸುಮಾರು 3,80,000 ವರ್ಷ ಆದಾಗ ಹೊರಟ ಬೆಳಕು ಇಂದಿಗೂ ನಮ್ಮ ಸುತ್ತ ಇದೆ. ತಣ್ಣಗಾಗಿ ಮೈಕ್ರೋವೇವ್ ಆಗಿದೆ. 1964-65ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ನ್ಯೂಜೆರ್ಸಿಯ ಒಂದು ಆಂಟೆನಾದಲ್ಲಿ ಅದನ್ನು ಅಕಸ್ಮಾತ್ತಾಗಿ ಹಿಡಿದರು. ಮಾವನವರಿಗೆ ನೆನಪಿರಬಹುದು, ಹಳೆಯ ಟಿವಿಯಲ್ಲಿ ಚಾನೆಲ್ ಸಿಗದಿದ್ದಾಗ ಚುಕ್ಕಿ ಚುಕ್ಕಿ ಕುಣಿಯುತ್ತಿದ್ದವು. ಅದರಲ್ಲಿ ಒಂದು ಸಣ್ಣ ಪಾಲು ಈ ಬೆಳಕಿನದೇ.

ಆ ಬೆಳಕಿನ ಬಿಸಿ ಎಲ್ಲ ದಿಕ್ಕಿನಿಂದಲೂ ಹೆಚ್ಚುಕಡಿಮೆ ಒಂದೇ, 2.725 ಕೆಲ್ವಿನ್ (ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಸುಮಾರು 270 ಡಿಗ್ರಿ ಕೆಳಗೆ). ಆದರೆ ಮುಖಾನೊವ್ ಹೇಳಿದ್ದು ನಿಜವಾದರೆ ಅದರಲ್ಲಿ ತೀರಾ ಸಣ್ಣ ವ್ಯತ್ಯಾಸ ಇರಲೇಬೇಕು. 1992ರಲ್ಲಿ ಕೋಬ್ ಉಪಗ್ರಹ ಆ ವ್ಯತ್ಯಾಸವನ್ನು ಕಂಡುಹಿಡಿಯಿತು. ಲಕ್ಷಕ್ಕೆ ಒಂದು ಪಾಲಿನಷ್ಟು. ಆಮೇಲೆ ಯುರೋಪಿನ ಪ್ಲಾಂಕ್ ಉಪಗ್ರಹ ಇನ್ನೂ ಸೂಕ್ಷ್ಮವಾಗಿ ಅಳೆಯಿತು. ಈ ಬಿಸಿ-ತಣ್ಣನೆಯ ಕಲೆಗಳು ದೊಡ್ಡದರಿಂದ ಚಿಕ್ಕದಕ್ಕೆ ಹೋದಂತೆ ಅವುಗಳ ಹಿಂದಿನ ಏರಿಳಿತದ ಬಲ ಹೇಗೆ ಬದಲಾಗುತ್ತದೆ ಎನ್ನುವುದನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಅದು 1ಕ್ಕಿಂತ ಸ್ವಲ್ಪವೇ ಕಡಿಮೆ ಇರಬೇಕು ಎಂದು ಕ್ವಾಂಟಮ್ ಲೆಕ್ಕ ಮೊದಲೇ ಹೇಳಿತ್ತು. ಪ್ಲಾಂಕ್ ಅಳೆದದ್ದು 0.965. ಆ ಸಂಖ್ಯೆಯನ್ನು ಮೊದಲ ಸಲ ನೋಡಿದಾಗ ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಆಕಾಶ ನೋಡುತ್ತಾ ನಿಂತುಬಿಟ್ಟೆ. ಪರಮಾಣುವಿಗಿಂತ ಎಷ್ಟೋ ಚಿಕ್ಕದಾದ ಒಂದು ನಡುಕ ಇಂದು ಆಕಾಶದ ಉದ್ದಗಲಕ್ಕೂ ಬರೆದಿದೆ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಉಬ್ಬುವಿಕೆಯ ಸಿದ್ಧಾಂತಕ್ಕೆ ಇದು ತುಂಬಾ ಬಲವಾದ ಬೆಂಬಲ, ಆದರೆ ಕೊನೆಯ ಸಾಕ್ಷಿ ಅಲ್ಲ. ಆಗ ಎದ್ದ ಗುರುತ್ವ ಅಲೆಗಳ (ಸ್ಥಳವೇ ನಡುಗುವ ಅಲೆಗಳ) ಗುರುತೂ ಆ ಹಳೆಯ ಬೆಳಕಿನಲ್ಲಿ ಸಿಗಬೇಕು. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ತಂಡ ಸಿಕ್ಕಿತು ಎಂದು ಘೋಷಿಸಿತು. ಮರುವರ್ಷ ಪ್ಲಾಂಕ್ ತಂಡದ ಜೊತೆ ಕೂತು ನೋಡಿದಾಗ ಆ ಸಂಕೇತಕ್ಕೆ ನಮ್ಮ ಗ್ಯಾಲಕ್ಸಿಯ ಧೂಳೇ ಸಾಕಾಗುತ್ತಿತ್ತು. ಹುಡುಕಾಟ ನಡೆದೇ ಇದೆ. ಇನ್ನು ಇದು ಹೇಳುವುದು ಬ್ರಹ್ಮಾಂಡ ಹುಟ್ಟಿದ *ಮೇಲಿನ* ಕಥೆ. ಗ್ಯಾಲಕ್ಸಿಗಳ ಬೀಜ ಕ್ವಾಂಟಮ್ ಏರಿಳಿತ ಎನ್ನುವುದಕ್ಕೆ ಅಳತೆ ಇದೆ. ಬ್ರಹ್ಮಾಂಡವೇ ಕ್ವಾಂಟಮ್ ಏರಿಳಿತ ಎನ್ನುವುದಕ್ಕೆ ಇಲ್ಲ. ನಿಮ್ಮ ಮಗಳು ನೋಡಿದ ವಿಡಿಯೊ ಬಹುಶಃ ಮೊದಲನೆಯದರ ಸಾಕ್ಷಿಯನ್ನು ಎರಡನೆಯದಕ್ಕೆ ಕೊಟ್ಟಿರಬೇಕು.

ಮನೆಯ ವಾದದಲ್ಲಿ ದೇವರ ಮಾತು ಬಂದಿದೆಯೋ ಇಲ್ಲವೋ ನೀವು ಬರೆದಿಲ್ಲ. ಬಂದರೆ ಇದನ್ನು ಹೇಳಿ. 1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಒಂದು ಭಾಷಣದಲ್ಲಿ ಹೊಸ ವಿಜ್ಞಾನ ಸೃಷ್ಟಿಯ ಕಥೆಗೆ ಸಾಕ್ಷಿ ಹೇಳುತ್ತಿದೆ ಎಂಬ ಧಾಟಿಯಲ್ಲಿ ಮಾತಾಡಿದರು. ಅದರಿಂದ ಹೆಚ್ಚು ಕಸಿವಿಸಿಗೊಂಡವರು ಲೆಮೈತ್ರ್. ತಮ್ಮ ಸಿದ್ಧಾಂತ ಭೌತಶಾಸ್ತ್ರ, ಅದನ್ನು ಧರ್ಮಕ್ಕೆ ಊರುಗೋಲು ಮಾಡಬಾರದು ಎಂಬುದು ಅವರ ನಿಲುವು. ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರ ಜೊತೆ ಸೇರಿ ಪೋಪ್ ಕಡೆಯವರಿಗೆ ಅದನ್ನು ತಿಳಿಸಿದರು. ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಮಾತಾಡುವಾಗ ಪೋಪ್ ಆ ವಿಷಯ ಎತ್ತಲಿಲ್ಲ. 1931ರ ಪತ್ರದ ಕರಡಿನಲ್ಲೂ ಕೊನೆಗೆ ದೇವರ ಬಗ್ಗೆ ಒಂದು ಪ್ಯಾರಾ ಇತ್ತು. ದೇವರು ಮರೆಯಲ್ಲಿರುವವನು ಎಂಬ ಅರ್ಥದ್ದು. ಪತ್ರಿಕೆಗೆ ಕಳಿಸುವ ಮುಂಚೆ ಅದನ್ನು ಅವರೇ ಹೊಡೆದುಹಾಕಿದ್ದರು.

ಆ ಹಳೆಯ ಬೆಳಕು ಸಿಕ್ಕಿದ ಸುದ್ದಿ ಲೆಮೈತ್ರ್ ಕಿವಿಗೆ ಬಿದ್ದದ್ದು ಅವರು ಕಾಯಿಲೆ ಬಿದ್ದಿದ್ದಾಗ. 1966ರ ಜೂನ್‌ನಲ್ಲಿ ಅವರು ತೀರಿಕೊಂಡರು.

ನಿಮ್ಮ ಮಗಳಿಗೆ ಒಂದು ಕೆಲಸ ಕೊಡಿ. ಆ ಪತ್ರ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಪಿಯುಸಿಯ ಇಂಗ್ಲಿಷ್ ಸಾಕು. ಅವಳೇ ಓದಿ, ಕನ್ನಡ ಮಾಡಿ, ಒಂದು ರಾತ್ರಿ ಊಟ ಆದ ಮೇಲೆ ಅಜ್ಜನಿಗೆ ಓದಿ ಹೇಳಲಿ. ಜಾಗ ಮತ್ತು ಕಾಲದ ಬಗ್ಗೆ ಬರುವ ವಾಕ್ಯಗಳನ್ನು ನಿಧಾನವಾಗಿ ಎರಡು ಸಲ ಓದಲಿ. ಅಜ್ಜ ಏನೆಂದರು ಎಂದು ನನಗೂ ಬರೆಯಿರಿ.